ಕೆಸುವಿನೆಲೆಯ ಹೆಸರಿನಲ್ಲಿ ಫ್ಲೋರಿನ್ ವ್ಯಾಪಾರ

ಕಾರಿನ ಮುಂಗಾಜಿಗೆ, ಮನೆಯ ಕಿಟಕಿಗೆ, ಜಂಬಿಟ್ಟಿಗೆ ಕಲ್ಲಿನ ಗೋಡೆಗೆ, ಅಡುಗೆಮನೆಯ ಟೈಲಿಗೆ, ಜಾಕೆಟಿಗೆ, ಬೂಟಿಗೆ, ಮೊಬೈಲಿನ ಗಾಜಿಗೆ ಬಳಿಯಬಹುದಾದ ಒಂದು ಬಗೆಯ ಲೇಪ ಮಾರುಕಟ್ಟೆಯನ್ನು ತುಂಬಿಕೊಂಡಿದೆ. ಬಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬಿದ್ದ ನೀರು ಮುತ್ತಾಗಿ ಉರುಳಿಹೋಗುತ್ತದೆ. ಎಣ್ಣೆಯ ಜಿಡ್ಡು ಕೂಡ ಅಂಟುವುದಿಲ್ಲ. ಬಾಟಲಿಯ ಮೇಲೆ ತಾವರೆ ಎಲೆಯ ಚಿತ್ರ, ಅದರ ಕೆಳಗೆ ‘ನ್ಯಾನೋ ತಂತ್ರಜ್ಞಾನ’ ಎಂಬ ಎರಡು ಪದ. ಒಳಗಿರುವುದು ಏನು ಎಂಬ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ಆ ಬಾಟಲಿಯಲ್ಲಿ ಉತ್ತರವಿರುವುದಿಲ್ಲ.

ವರ್ಷದ ನಾಲ್ಕು ತಿಂಗಳು ಮಳೆಯೊಳಗೇ ಬದುಕುವ ಮಲೆನಾಡಿಗೆ ಇಂಥ ಸರಕು ವರದಾನವಾಗಿ ತೋರುವುದು ಸಹಜ. ಗೋಡೆಗೆ ಪಾಚಿ, ಬಟ್ಟೆಗೆ ಬೂಸಲು, ಪುಸ್ತಕಕ್ಕೆ ತೇವ ಹಿಡಿಯುವ ನೆಲದಲ್ಲಿ ನೀರನ್ನು ದೂರವಿಡುವ ಆಸೆ ಇಂದು ಹುಟ್ಟಿದ್ದಲ್ಲ. ಗೊರಬು, ಕಂಬಳಿಕೊಪ್ಪೆಗಳು ಆ ಆಸೆಯಿಂದಲೇ ಹುಟ್ಟಿದವು. ಹಳತಾದ ಗೊರಬು ಗೊಬ್ಬರದ ಗುಂಡಿ ಸೇರಿ ಒಂದೆರಡು ಮಳೆಗಾಲದಲ್ಲಿ ಮಣ್ಣಾಗುತ್ತಿತ್ತು. ಹೊಸ ಲೇಪ ಹಳತಾದಾಗ ಎಲ್ಲಿಗೆ ಹೋಗುತ್ತದೆ? ಮಾರುವವರಿಗೆ ಈ ಪ್ರಶ್ನೆಯ ಅಗತ್ಯವಿಲ್ಲ. ಅಬ್ಬಿಯ ನೀರನ್ನು ಶೋಧಿಸದೆ ಕುಡಿಯುವವರಿಗೆ ಇದೆ.

ಎಲೆ ಕಲಿಸುವುದು ಎಷ್ಟು

ತಾವರೆ ಎಲೆಯ ಮೇಲೆ ನೀರು ನಿಲ್ಲದೆಂಬುದು ಈ ನಾಡಿಗೆ ಅನಾದಿಯಿಂದ ತಿಳಿದಿದೆ. ಏಕೆ ನಿಲ್ಲದೆಂಬುದನ್ನು ಸೂಕ್ಷ್ಮದರ್ಶಕದ ಮೂಲಕ ಕಂಡು ವಿವರಿಸಿದವರು ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲೋಟ್ ಮತ್ತು ಅವರ ಸಹೋದ್ಯೋಗಿ ಕ್ರಿಸ್ಟೋಫ್ ನೈನ್‌ಹುಯಿಸ್. 1997ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ತಾವರೆಯ ಜೊತೆಗೆ ಮಲೆನಾಡಿನ ಹಿತ್ತಿಲಲ್ಲಿ ಬೆಳೆಯುವ ಕೆಸುವೂ ಇದೆ. ಆ ಎಲೆಗಳ ಮೇಲ್ಮೈ ನುಣುಪಾಗಿಲ್ಲ. ಬರಿಗಣ್ಣಿಗೆ ಕಾಣದ ಗುಬುಟುಗಳು ಒತ್ತೊತ್ತಾಗಿವೆ. ಅವುಗಳ ಮೈಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ನೀರಿನ ಹನಿ ಕೂರುವುದು ಈ ತುದಿಗಳ ಮೇಲೆ, ಅದರ ಅಡಿಯಲ್ಲಿ ಬಹುಪಾಲು ಗಾಳಿ. ಆದ್ದರಿಂದ ಹನಿ ಹರಡದೆ ಗುಂಡಗಾಗಿ ಉರುಳುತ್ತದೆ, ಉರುಳುವಾಗ ದೂಳನ್ನೂ ಹೊತ್ತೊಯ್ಯುತ್ತದೆ. 1999ರಲ್ಲಿ ಇದೇ ತತ್ತ್ವದ ಗೋಡೆಬಣ್ಣವೊಂದು ಜರ್ಮನಿಯ ಮಾರುಕಟ್ಟೆಗೆ ಬಂದಿತು.

ಗೋಡೆಗೆ ಬಣ್ಣವಿದ್ದರೂ ನಡೆಯುತ್ತದೆ, ಗಾಜಿಗೆ ನಡೆಯುವುದಿಲ್ಲ. ಗಾಜಿನ ಮೇಲೆ ಎಲೆಯಂಥ ಒರಟುತನವನ್ನು ನಿರ್ಮಿಸಿದರೆ ಬೆಳಕು ಚದುರಿ ಗಾಜು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒರಟುತನದ ಕಣಗಳು ಅದಕ್ಕಿಂತ ಬಹಳ ಚಿಕ್ಕವಾಗಿ, ನೂರು ನ್ಯಾನೋಮೀಟರಿಗಿಂತ ಕೆಳಗೆ ಇದ್ದರೆ ಬೆಳಕು ಅವುಗಳನ್ನು ಗಮನಿಸದೆ ದಾಟಿಹೋಗುತ್ತದೆ. ಮನುಷ್ಯನ ಒಂದು ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಈ ಕಣಗಳ ಗಾತ್ರವನ್ನು ಊಹಿಸಬಹುದು. ಪಾರದರ್ಶಕ ಲೇಪಕ್ಕೆ ನ್ಯಾನೋ ಕಣ ಬೇಕಾಗುವುದು ಈ ಕಾರಣಕ್ಕೆ. ಹೆಚ್ಚಾಗಿ ಬಳಕೆಯಾಗುವುದು ಸಿಲಿಕಾ, ರಸಾಯನದ ಲೆಕ್ಕದಲ್ಲಿ ಹೊಳೆಯ ಮರಳೇ. ಉಸಿರಿನೊಳಗೆ ಹೋಗದಂತೆ ನೋಡಿಕೊಂಡರೆ ಇಲ್ಲಿಯವರೆಗೆ ದೊಡ್ಡ ತಕರಾರಿಲ್ಲ.

ತಕರಾರು ಹುಟ್ಟುವುದು ಎಣ್ಣೆಯಿಂದ. ಕೆಸುವಿನೆಲೆಯ ಮೇಲೆ ನೀರಿನ ಬದಲು ಒಂದು ಹನಿ ಎಣ್ಣೆಯನ್ನು ಬಿಟ್ಟರೆ ಅದು ಉರುಳುವುದಿಲ್ಲ, ಹರಡುತ್ತದೆ, ಅಂಟುತ್ತದೆ. ನೀರಿನ ಕಣಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಅದರ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಡುಗೆ ಎಣ್ಣೆಯ ಎಳೆತ ಅದರ ಅರ್ಧಕ್ಕಿಂತಲೂ ಕಡಿಮೆ. ಹೀಗೆ ಸಡಿಲವಾಗಿರುವ ಎಣ್ಣೆಯನ್ನು ಮೇಣ ದೂರ ತಳ್ಳಲಾರದು. ಎಣ್ಣೆಯೂ ಗುಂಡಗಾಗಿ ಜಾರಬೇಕಾದರೆ ಮೇಣಕ್ಕಿಂತಲೂ ನಿರ್ಲಿಪ್ತವಾದ ಮೇಲ್ಮೈ ಬೇಕು. ಅದಕ್ಕಾಗಿ ಉದ್ಯಮವು ಅರ್ಧಶತಮಾನಕ್ಕೂ ಮೇಲ್ಪಟ್ಟು ನೆಚ್ಚಿಕೊಂಡು ಬಂದಿರುವ ವಸ್ತು ಒಂದೇ: ಇಂಗಾಲದ ಸರಪಳಿಯ ತುಂಬ ಫ್ಲೋರಿನ್ ಪರಮಾಣುಗಳನ್ನು ಕೂರಿಸಿದ ಸಂಯುಕ್ತ.

ತಾವರೆ ಎಲೆಯ ಚಿತ್ರ ಸುಳ್ಳಾಗುವುದು ಇಲ್ಲಿ. ನೀರನ್ನು ಓಡಿಸುವ ಗುಣ ಎಲೆಯಿಂದ ಕಲಿತದ್ದು ನಿಜ. ಎಣ್ಣೆಯನ್ನು ಓಡಿಸುವ ಗುಣ ಕಾರ್ಖಾನೆಯ ಫ್ಲೋರಿನ್ ರಸಾಯನದಿಂದ ಬಂದದ್ದು. ಎರಡನ್ನೂ ಒಂದೇ ಬಾಟಲಿಯಲ್ಲಿ ಹಾಕಿ, ಮೊದಲನೆಯದರ ಚಿತ್ರವನ್ನು ಹೊರಗೆ ಅಂಟಿಸಿ, ಎರಡನೆಯದರ ಹೆಸರನ್ನು ಒಳಗೆ ಬಚ್ಚಿಡುವುದು ವ್ಯಾಪಾರದ ಜಾಣತನ. ಪ್ರಕೃತಿಯನ್ನು ಅನುಕರಿಸಿದ್ದೇವೆ ಎನ್ನುವವರು ಎಲೆಯ ಇನ್ನೊಂದು ಗುಣವನ್ನು ಅನುಕರಿಸಲು ಹೋಗಿಲ್ಲ. ಎಲೆ ಉದುರಿದ ಮೇಲೆ ಕೊಳೆಯುತ್ತದೆ.

ಸವೆದದ್ದು ಎಲ್ಲಿ ಸೇರಿತು

ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನಶಾಸ್ತ್ರದಲ್ಲಿ ಅತ್ಯಂತ ಬಲವಾದ ಏಕಬಂಧ. ಬಿಸಿಲು, ಮಳೆ, ಸೂಕ್ಷ್ಮಜೀವಿಗಳು ಇವುಗಳನ್ನು ಸುಲಭದಲ್ಲಿ ಬಿಡಿಸಲಾರವು. ಹೀಗೆ ಫ್ಲೋರಿನ್ ತುಂಬಿದ ಸಂಯುಕ್ತಗಳ ದೊಡ್ಡ ಕುಟುಂಬಕ್ಕೆ ವಿಜ್ಞಾನಿಗಳು ‘ಪಿಫಾಸ್’ ಎಂಬ ಹೆಸರಿಟ್ಟಿದ್ದಾರೆ. ಜನರ ಬಾಯಲ್ಲಿ ಅದು ‘ಶಾಶ್ವತ ರಾಸಾಯನಿಕ’ ಆಗಿದೆ. ಈ ಕುಟುಂಬದಲ್ಲಿ ಸಾವಿರಾರು ಸದಸ್ಯರಿದ್ದಾರೆ. ಎಲ್ಲವೂ ಒಂದೇ ಬಗೆಯ ವಿಷಗಳೆಂದು ಹೇಳಲಾಗದು. ಆದರೆ ಅವು ಅಥವಾ ಅವು ಒಡೆದು ಆಗುವ ತುಣುಕುಗಳು ಪರಿಸರದಲ್ಲಿ ಕರಗದೆ ಉಳಿಯುತ್ತವೆ ಎಂಬ ವಿಷಯದಲ್ಲಿ ಹೆಚ್ಚಿನ ವಿವಾದವಿಲ್ಲ.

ಲೇಪವಾದರೋ ಉಳಿಯುವುದಿಲ್ಲ. ಮೊಬೈಲಿನ ಗಾಜಿಗೆ ಬೆರಳಿನ ಜಿಡ್ಡು ಅಂಟದಂತೆ ಹಚ್ಚಿದ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ಒಂದೆರಡು ವರ್ಷದ ಉಜ್ಜಾಟದಲ್ಲಿ ಅದು ಸವೆಯುತ್ತದೆ. ಕಾರಿನ ಗಾಜಿನ ಲೇಪವನ್ನು ಮತ್ತೆ ಮತ್ತೆ ಬಳಿಸಬೇಕೆಂದು ಮಾರುವವರೇ ಹೇಳುತ್ತಾರೆ. ಜಾಕೆಟಿನದು ಪ್ರತಿ ಒಗೆತದಲ್ಲಿ ಅಷ್ಟಿಷ್ಟು ಹೋಗುತ್ತದೆ. ಲೇಪ ಸವೆಯುತ್ತದೆ, ಅದರೊಳಗಿನ ಬಂಧ ಸವೆಯುವುದಿಲ್ಲ. ಗೋಡೆಯಿಂದ ಚರಂಡಿಗೆ, ಚರಂಡಿಯಿಂದ ತೋಟದ ಕಾದಿಗೆಗೆ, ಕಾದಿಗೆಯಿಂದ ಹಳ್ಳಕ್ಕೆ ಇಳಿಯುವ ದಾರಿ ಮಲೆನಾಡಿನಲ್ಲಿ ಎಷ್ಟು ಚಿಕ್ಕದೆಂಬುದು ಆಷಾಢದ ಮಳೆಯಲ್ಲಿ ಅಂಗಳದಲ್ಲಿ ನಿಂತ ಯಾರಿಗೂ ಗೊತ್ತು. ಹಳೆಯ ಜಾಕೆಟನ್ನೂ ಸವೆದ ನಾನ್‌ಸ್ಟಿಕ್ ಬಾಣಲೆಯ ಚೂರನ್ನೂ ಬಚ್ಚಲೊಲೆಗೆ ಹಾಕಿ ಸುಟ್ಟರಾಯಿತು ಎನ್ನುವಂತಿಲ್ಲ. ಈ ಬಂಧವನ್ನು ಪೂರ್ತಿಯಾಗಿ ಮುರಿಯಲು ಸಾವಿರ ಡಿಗ್ರಿಗೂ ಮೇಲಿನ ಉಷ್ಣತೆ ಬೇಕು. ಹಂಡೆ ಕಾಯಿಸುವ ಬೆಂಕಿಯಿಂದ ಹುಟ್ಟುವುದು ವಿಷದ ಹೊಗೆ ಮಾತ್ರ.

ಎಷ್ಟು ಸಣ್ಣ ಪ್ರಮಾಣದ ಮಾತು ಇದು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪಿಫಾಸ್ ಕುಟುಂಬದ ಪಿಎಫ್‌ಓಎ ಎಂಬ ಸದಸ್ಯನಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲಿನಲ್ಲಿ ಕುಡಿಯುವ ನೀರಿನ ಮಿತಿಯನ್ನು ಲೀಟರಿಗೆ 4 ನ್ಯಾನೋಗ್ರಾಮ್ ಎಂದು ನಿಗದಿಪಡಿಸಿತು. ಅಂದರೆ 25 ಕೋಟಿ ಲೀಟರ್ ನೀರಿಗೆ ಒಂದು ಗ್ರಾಮ್. ಇಪ್ಪತ್ತೈದು ಎಕರೆ ವಿಸ್ತಾರದ, ಎಂಟು ಅಡಿ ಆಳದ ತುಂಬಿದ ಕೆರೆಯೊಂದು ಆ ಮಿತಿಯನ್ನು ತಲುಪಲು ಒಂದು ಚಿಟಿಕೆ ಸಾಕು. ನೀರನ್ನು ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. 2022ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡವೊಂದು ಮಳೆನೀರಿನ ಮಾಪನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಟಿಬೆಟ್ ಪ್ರಸ್ಥಭೂಮಿ ಮತ್ತು ಅಂಟಾರ್ಕ್ಟಿಕದ ಮಳೆ-ಹಿಮದಲ್ಲಿಯೂ ಪಿಎಫ್‌ಓಎ ಅಂದಿನ ಅಮೆರಿಕದ ಸಲಹಾಮಿತಿಯನ್ನು ಮೀರಿತ್ತು. ಮಳೆಯನ್ನು ತಡೆಯಲು ಮಾಡಿದ ವಸ್ತು ಮಳೆಯೊಳಗೇ ಸೇರಿಕೊಂಡಿದೆ.

ಬಚ್ಚಲುಮನೆಯ ಸ್ಪ್ರೇ

ಈ ಲೇಪಗಳು ಕೆಡಿಸುವುದು ದೂರದ ನೀರನ್ನಷ್ಟೇ ಎಂದು ತಿಳಿಯಬಾರದು. 2006ರ ಮಾರ್ಚ್ ಕೊನೆಯಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೋ’ ಎಂಬ ಹೆಸರಿನ ಸ್ಪ್ರೇ ಮಾರಾಟಕ್ಕೆ ಬಂದಿತು. ಬಚ್ಚಲುಮನೆಯ ಗಾಜು, ಪಿಂಗಾಣಿಗಳಿಗೆ ಕೊಳೆ ಕೂರದಂತೆ ಸಿಂಪಡಿಸುವ ದ್ರಾವಣ ಅದು. ಕೆಲವೇ ದಿನಗಳಲ್ಲಿ ನೂರರಷ್ಟು ಮಂದಿ ಉಸಿರಾಟದ ತೊಂದರೆಗೆ ಒಳಗಾದರು. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಬೇಕಾಯಿತು. ಸರಕನ್ನು ಹಿಂದಕ್ಕೆ ಪಡೆಯಲಾಯಿತು. ತನಿಖೆ ಮಾಡಿದ ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಕಂಡುಕೊಂಡ ಸಂಗತಿ ವಿಚಿತ್ರವಾಗಿತ್ತು: ಆ ಡಬ್ಬಿಯಲ್ಲಿ ನ್ಯಾನೋ ಕಣಗಳೇ ಇರಲಿಲ್ಲ!

ಉದ್ಯಮದವರು ಇದನ್ನು ತಮ್ಮ ಗೆಲುವೆಂದು ಹೇಳಿಕೊಂಡರು. ನ್ಯಾನೋ ನಿರಪರಾಧಿ ಎಂದಾಯಿತಲ್ಲ! ಬಳಸುವವರ ಮಟ್ಟಿಗೆ ಇದಕ್ಕಿಂತ ದೊಡ್ಡ ಆರೋಪ ಇನ್ನೊಂದಿಲ್ಲ. ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಸಂಬಂಧವಿರಬೇಕಾಗಿಲ್ಲ, ಇದ್ದರೂ ಇಲ್ಲದಿದ್ದರೂ ಕೇಳುವವರಿಲ್ಲ ಎಂಬುದನ್ನು ಆ ಪ್ರಕರಣ ಬಯಲು ಮಾಡಿತು. (ಆ ದಶಕದಲ್ಲಿ ಭಾರತದಲ್ಲಿ ಒಂದು ಕಾರಿಗೂ ಅದೇ ಹೆಸರು ಬಂದಿತು. ಅದರಲ್ಲಿ ಚಿಕ್ಕದೆಂಬ ಅರ್ಥವಾದರೂ ಉಳಿದಿತ್ತು.)

ಡೆನ್ಮಾರ್ಕಿನ ವಿಜ್ಞಾನಿಗಳು ಇಲ್ಲಿಂದ ಮುಂದಕ್ಕೆ ಹೋದರು. ನೀರನ್ನೂ ಎಣ್ಣೆಯನ್ನೂ ಓಡಿಸುವ ಫ್ಲೋರೋಸಿಲೇನ್ ಸ್ಪ್ರೇಯ ತುಂತುರನ್ನು ಇಲಿಗಳಿಗೆ ಉಸಿರಾಡಿಸಿದಾಗ ಅವುಗಳ ಶ್ವಾಸಕೋಶಕ್ಕೆ ಗಂಭೀರ ಹಾನಿಯಾಯಿತು. ಫ್ಲೋರಿನ್ ಇಲ್ಲದ ಅದೇ ಬಗೆಯ ದ್ರಾವಣದಿಂದ ಅಂಥ ಹಾನಿ ಕಾಣಲಿಲ್ಲ. ಈ ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ಡೆನ್ಮಾರ್ಕಿನ ಒತ್ತಾಯದ ಮೇಲೆ ಐರೋಪ್ಯ ಒಕ್ಕೂಟ 2019ರಲ್ಲಿ ನಿಯಮ ಮಾಡಿ, ಸಾವಯವ ದ್ರಾವಕದಲ್ಲಿ ಕರಗಿಸಿದ ಈ ವರ್ಗದ ಸ್ಪ್ರೇಗಳನ್ನು ಜನಸಾಮಾನ್ಯರಿಗೆ ಮಾರದಂತೆ 2021ರ ಜನವರಿ 2ರಿಂದ ನಿರ್ಬಂಧಿಸಿತು. ಒಂದು ಮನೆಬಳಕೆಯ ಸ್ಪ್ರೇಯನ್ನು ಕಪಾಟಿನಿಂದ ಇಳಿಸಲು ಶ್ರೀಮಂತ ದೇಶಗಳಿಗೂ ಹತ್ತು ವರ್ಷ ಹಿಡಿಯಿತು.

ಅಡಿಕೆ ತೋಟದಲ್ಲಿ ಮೈಲುತುತ್ತದ ಔಷಧಿ ಹೊಡೆಯುವ ಕೊನೆಗೌಡನಿಗೆ ತುಂತುರು ಎಷ್ಟು ಸಣ್ಣದಾದರೆ ಅಷ್ಟು ಒಳಗೆ ಇಳಿಯುತ್ತದೆಂಬ ಅನುಭವವಿದೆ. ಗಾಳಿಯ ದಿಕ್ಕು ನೋಡಿ ಹೊಡೆಯುತ್ತಾನೆ. ಪೇಟೆಯಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ದಿನವಿಡೀ ಕಾರುಗಳಿಗೆ ಲೇಪ ಹೊಡೆಯುವ ಹುಡುಗನಿಗೆ, ಹಳ್ಳಿಯಿಂದ ಕೆಲಸ ಹುಡುಕಿ ಹೋದ ಅವನಿಗೆ, ಆ ಬಾಟಲಿಯಲ್ಲಿರುವುದು ಏನೆಂದು ಹೇಳಿದವರು ಯಾರು?

ತಯಾರಾದ ಊರುಗಳ ಚರಿತ್ರೆ

ಫ್ಲೋರಿನ್ ಲೇಪಗಳ ನಿಜವಾದ ಇತಿಹಾಸವನ್ನು ಅವು ತಯಾರಾದ ಊರುಗಳಲ್ಲಿ ಓದಬೇಕು. ಅಮೆರಿಕದ ಪಶ್ಚಿಮ ವರ್ಜೀನಿಯಾ ಬೆಟ್ಟಗುಡ್ಡಗಳ ರಾಜ್ಯ. ಅಲ್ಲಿನ ಪಾರ್ಕರ್ಸ್‌ಬರ್ಗ್ ಪಟ್ಟಣದ ಬಳಿ ಒಹಾಯೋ ನದಿಯ ದಂಡೆಯಲ್ಲಿ ಡುಪಾಂಟ್ ಕಂಪೆನಿಯ ಟೆಫ್ಲಾನ್ ಕಾರ್ಖಾನೆಯಿತ್ತು. ಟೆಫ್ಲಾನ್ ತಯಾರಿಕೆಗೆ 1951ರಿಂದ ಪಿಎಫ್‌ಓಎ ಬಳಕೆಯಾಗುತ್ತಿತ್ತು. ಕಂಪೆನಿಯೊಳಗೆ ಅದರ ಹೆಸರು ‘ಸಿ-8’. ವಿಲ್ಬರ್ ಟೆನಂಟ್ ಎಂಬ ರೈತನ ಕುಟುಂಬದಿಂದ ಕೊಂಡ ಜಾಗದಲ್ಲಿ ಕಂಪೆನಿ ತನ್ನ ತ್ಯಾಜ್ಯವನ್ನು ಸುರಿಯಿತು. ಅಲ್ಲಿಂದ ಹರಿದ ಹಳ್ಳ ಟೆನಂಟರ ಹುಲ್ಲುಗಾವಲನ್ನು ಹಾಯುತ್ತಿತ್ತು. ಹಳ್ಳದಲ್ಲಿ ನೊರೆ ಕಾಣಿಸಿತು. ದನಗಳು ಬಡಕಲಾದವು, ಕಣ್ಣು ಮಂಜಾದವು, ಕರುಗಳು ಸತ್ತೇ ಹುಟ್ಟಿದವು. ನೂರೈವತ್ತಕ್ಕೂ ಹೆಚ್ಚು ದನಗಳು ಸತ್ತವು. ಊರಿನ ಪಶುವೈದ್ಯರೂ ಅಧಿಕಾರಿಗಳೂ ನೆರವಿಗೆ ಬಾರದಿದ್ದಾಗ ಆ ರೈತ ತಾನೇ ಸತ್ತ ದನಗಳ ಹೊಟ್ಟೆ ಬಗೆದು, ವಿಡಿಯೋ ಚಿತ್ರೀಕರಿಸಿ ಸಾಕ್ಷ್ಯ ಕೂಡಿಟ್ಟ.

1999ರಲ್ಲಿ ಅವನ ಪರವಾಗಿ ಮೊಕದ್ದಮೆ ಹೂಡಿದ ರಾಬರ್ಟ್ ಬಿಲಟ್ ಅಲ್ಲಿಯವರೆಗೆ ರಾಸಾಯನಿಕ ಕಂಪೆನಿಗಳ ಪರ ವಾದಿಸುತ್ತಿದ್ದ ವಕೀಲರು. ನ್ಯಾಯಾಲಯದ ಮೂಲಕ ಅವರ ಕೈಗೆ ಬಂದ ಕಂಪೆನಿಯ ಕಡತಗಳು ಎಲ್ಲವನ್ನೂ ಹೇಳಿದವು. ಪ್ರಾಣಿಗಳ ಯಕೃತ್ತು ಹಿಗ್ಗುವುದನ್ನು ಕಂಪೆನಿಯ ಸಂಶೋಧಕರು 1961ರಲ್ಲೇ ಗಮನಿಸಿದ್ದರು. ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಅದು ಸೇರಿರುವುದು 1984ರಲ್ಲೇ ಅವರಿಗೆ ತಿಳಿದಿತ್ತು. ತಿಳಿದೂ ಮೌನವಾಗಿದ್ದರು. ಸುಮಾರು 69,000 ಜನ ರಕ್ತದ ಮಾದರಿ ಕೊಟ್ಟು ನಡೆದ ಬೃಹತ್ ಅಧ್ಯಯನದ ನಂತರ, ಸ್ವತಂತ್ರ ವಿಜ್ಞಾನಿಗಳ ಮಂಡಳಿ 2012ರ ಹೊತ್ತಿಗೆ ಆರು ಕಾಯಿಲೆಗಳಿಗೂ ಪಿಎಫ್‌ಓಎಗೂ ಸಂಬಂಧವಿರುವ ಸಂಭವವನ್ನು ಸಾರಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯಿಡ್ ರೋಗ, ದೊಡ್ಡಕರುಳಿನ ಹುಣ್ಣು, ಬಸುರಿಯರ ರಕ್ತದೊತ್ತಡ, ಅಧಿಕ ಕೊಲೆಸ್ಟರಾಲ್. 2017ರಲ್ಲಿ ಮೂರೂವರೆ ಸಾವಿರ ಮೊಕದ್ದಮೆಗಳು ಸುಮಾರು 67 ಕೋಟಿ ಡಾಲರಿಗೆ ಇತ್ಯರ್ಥವಾದವು. ಟೆನಂಟ್ ಅದನ್ನು ನೋಡಲು ಉಳಿದಿರಲಿಲ್ಲ, 2009ರಲ್ಲಿ ತೀರಿಕೊಂಡಿದ್ದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2023ರ ಕೊನೆಯಲ್ಲಿ ಪಿಎಫ್‌ಓಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿಗೆ ಸೇರಿಸಿತು. ಮೊದಲ ಬಳಕೆಗೂ ಈ ತೀರ್ಮಾನಕ್ಕೂ ನಡುವೆ ಎಪ್ಪತ್ತೆರಡು ವರ್ಷ.

ಪಿಎಫ್‌ಓಎ ಬಳಕೆ ನಿಂತ ಮೇಲೆ ಉದ್ಯಮ ಏನು ಮಾಡಿತೆಂಬುದು ಇನ್ನೊಂದು ಕತೆ. ಎಂಟು ಇಂಗಾಲದ ಸರಪಳಿಯ ಬದಲು ಆರರದು ಬಂತು. ಟೆಫ್ಲಾನಿಗೆ ‘ಜೆನ್‌ಎಕ್ಸ್’ ಬಂತು. 2017ರಲ್ಲಿ ಅದು ಉತ್ತರ ಕ್ಯಾರೊಲೈನಾದ ಕೇಪ್ ಫಿಯರ್ ನದಿಯಲ್ಲಿ, ಆ ನದಿಯ ನೀರನ್ನು ಕುಡಿಯುವ ವಿಲ್ಮಿಂಗ್ಟನ್ ನಗರದ ನಲ್ಲಿಗಳಲ್ಲಿ ಇರುವುದು ಬೆಳಕಿಗೆ ಬಂತು. ಆರರ ಸರಪಳಿ ಒಡೆದು ಉಳಿಯುವ ಆಮ್ಲವನ್ನು ಐರೋಪ್ಯ ಒಕ್ಕೂಟ 2024ರಲ್ಲಿ ನಿರ್ಬಂಧಿಸಬೇಕಾಯಿತು. ಒಂದನ್ನು ನಿಷೇಧಿಸಿದಾಗ ಅದರ ತಮ್ಮನನ್ನು ಕರೆತರುವ ಈ ಆಟ ಕೀಟನಾಶಕಗಳ ಚರಿತ್ರೆ ಬಲ್ಲವರಿಗೆ ಹೊಸದಲ್ಲ.

ತ್ರಿಸ್ಸಿನೊದಿಂದ ಲೋಟೆಗೆ

ಇದೆಲ್ಲ ಸಮುದ್ರದಾಚೆಯ ಮಾತು ಎನ್ನುವವರು ಇಟಲಿಯ ತ್ರಿಸ್ಸಿನೊ ಊರಿನ ಕಾರ್ಖಾನೆಯ ಕತೆಯನ್ನು ಕೊನೆಯವರೆಗೆ ಕೇಳಬೇಕು. ಜವಳಿ ಉದ್ಯಮದ ಮನೆತನವೊಂದು ಬಟ್ಟೆಗೆ ನೀರು, ಎಣ್ಣೆ ಅಂಟದಂತೆ ಮಾಡುವ ಫ್ಲೋರಿನ್ ರಾಸಾಯನಿಕಗಳಿಗಾಗಿ 1960ರ ದಶಕದಲ್ಲಿ ಆರಂಭಿಸಿದ ಈ ಕಾರ್ಖಾನೆ ಕೈ ಬದಲಾಯಿಸುತ್ತ ಮಿತೇನಿ ಎಂಬ ಹೆಸರು ಪಡೆಯಿತು. ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಅಂತರ್ಜಲದ ಮೇಲೆ ಅದು ಕುಳಿತಿತ್ತು. ಮೂರು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಪ್ರದೇಶದ ನೀರು ಕೆಟ್ಟಿರುವುದು 2013ರಲ್ಲಿ ಬಹಿರಂಗವಾಯಿತು. ತಮ್ಮ ಮಕ್ಕಳ ರಕ್ತದಲ್ಲಿ ಪಿಫಾಸ್ ಕಂಡ ತಾಯಂದಿರು ಬೀದಿಗಿಳಿದರು. 2018ರಲ್ಲಿ ಕಾರ್ಖಾನೆ ದಿವಾಳಿಯೆದ್ದಿತು. 2025ರ ಜೂನ್ ತಿಂಗಳಲ್ಲಿ ವಿಚೆಂಜಾ ನಗರದ ನ್ಯಾಯಾಲಯ ಅದರ ಹಿಂದಿನ 11 ಮಂದಿ ಅಧಿಕಾರಿಗಳಿಗೆ ಸೆರೆವಾಸ ವಿಧಿಸಿತು.

ಅಷ್ಟರೊಳಗೆ ಕಾರ್ಖಾನೆಯ ಯಂತ್ರಗಳು ಅಲ್ಲಿರಲಿಲ್ಲ. 2019ರಲ್ಲಿ ಮುಂಬಯಿ ಮೂಲದ ಕಂಪೆನಿಯೊಂದರ ಅಂಗಸಂಸ್ಥೆ ಅವುಗಳನ್ನು ಹರಾಜಿನಲ್ಲಿ ಕೊಂಡು ಭಾರತಕ್ಕೆ ಸಾಗಿಸಿತು. ಅವು ಬಂದು ಇಳಿದದ್ದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ವಲಯದಲ್ಲಿ. ಸಹ್ಯಾದ್ರಿಯ ಅಡಿಯಲ್ಲಿರುವ, ಮಳೆ ಸುರಿಯುವ ಕೊಂಕಣದ ನೆಲ ಅದು. ಅಲ್ಲಿನ ನೀರು ಇಳಿಯುವುದು ದಾಭೋಳದ ಅಳಿವೆಗೆ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಈ ವಲಯದ ರಾಸಾಯನಿಕ ಕೈಗಾರಿಕೆಗಳ ಮಾಲಿನ್ಯವನ್ನೂ ಅಳಿವೆಯ ಮೀನುಗಾರರು ಕಳೆದುಕೊಂಡ ಜೀವನೋಪಾಯವನ್ನೂ ಎತ್ತಿ ಹೇಳಿತ್ತು. ಆ ಮಾತು ಕಿವಿಗೆ ಬಿದ್ದಿದ್ದರೆ ಇಟಲಿಯ ಹಡಗು ಬಹುಶಃ ಬೇರೆ ದಿಕ್ಕು ಹಿಡಿಯಬೇಕಾಗುತ್ತಿತ್ತು.

ಲೋಟೆಯ ಹೊಸ ಘಟಕ ಕಾನೂನು ಮುರಿದಿದೆ ಎಂಬ ಆರೋಪವನ್ನು ಇಲ್ಲಿ ಹೊರಿಸುತ್ತಿಲ್ಲ. ಮುರಿಯಲು ಕಾನೂನು ಇದೆಯೇ ಎಂಬುದೇ ಪ್ರಶ್ನೆ. ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ ಫ್ಲೋರೈಡಿಗೆ ಮಿತಿಯಿದೆ, ಪಿಫಾಸ್‌ಗೆ ಇಲ್ಲ. ಕೊಳೆಯದ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿತು. ಆ ಒಪ್ಪಂದದ ಪಟ್ಟಿಗೆ ಪಿಫಾಸ್ ಕುಟುಂಬದ ಪಿಎಫ್‌ಓಎಸ್ 2009ರಲ್ಲಿ, ಪಿಎಫ್‌ಓಎ 2019ರಲ್ಲಿ ಸೇರ್ಪಡೆಯಾದವು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ ಹೊಸದಾಗಿ ಏಳು ರಾಸಾಯನಿಕಗಳ ಸೇರ್ಪಡೆಗೆ ಒಪ್ಪಿಗೆ ಕೊಟ್ಟಿತು. ಆ ಏಳರಲ್ಲಿ ಇವೆರಡೂ ಇರಲಿಲ್ಲ. ನ್ಯಾನೋ ತಂತ್ರಜ್ಞಾನದ ಪ್ರೋತ್ಸಾಹಕ್ಕೆ 2007ರಲ್ಲಿ ಸಾವಿರ ಕೋಟಿ ರೂಪಾಯಿಯ ನ್ಯಾನೋ ಮಿಷನ್ ಘೋಷಣೆಯಾಯಿತು. ಅದರ ಸುರಕ್ಷತೆಯ ಮಾರ್ಗಸೂಚಿಗಳು ಔಷಧಗಳಿಗೆ 2019ರಲ್ಲಿ, ಕೃಷಿ ಒಳಸುರಿಗಳಿಗೆ 2020ರಲ್ಲಿ ಬಂದವು. ಗೋಡೆ, ಗಾಜು, ಬಟ್ಟೆಗೆ ಬಳಿಯುವ ಲೇಪಗಳು ಇವೆರಡರ ವ್ಯಾಪ್ತಿಗೂ ಬರುವುದಿಲ್ಲ. ಉತ್ತೇಜನ ಮೊದಲು, ವಿಚಾರಣೆ ಹನ್ನೆರಡು ವರ್ಷದ ಮೇಲೆ, ಅದೂ ಅರ್ಧಂಬರ್ಧ!

ಎಂಡೋಸಲ್ಫಾನ್ ಪ್ರಕರಣವನ್ನು ಕಂಡ ನಾಡಿಗೆ ಈ ಕ್ರಮ ಪರಿಚಿತ. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಕಂಡ ಮೇಲೂ ಪುರಾವೆ ಸಾಲದೆಂದು ವರ್ಷಗಟ್ಟಲೆ ವಾದಿಸಲಾಯಿತು. ಸ್ಟಾಕ್‌ಹೋಮ್ ಒಪ್ಪಂದದ ಸಭೆಗಳಲ್ಲಿ ಅದನ್ನು ಪಟ್ಟಿಗೆ ಸೇರಿಸುವುದನ್ನು ಭಾರತವೇ ವಿರೋಧಿಸುತ್ತ ಬಂತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸುವವರೆಗೆ ಪುರಾವೆ ಒದಗಿಸುವ ಹೊರೆ ಹಾಸಿಗೆ ಹಿಡಿದವರ ಮೇಲೆಯೇ ಇತ್ತು. ಎಂಡೋಸಲ್ಫಾನ್ ಕಾಲಕ್ರಮದಲ್ಲಾದರೂ ಒಡೆಯುತ್ತದೆ. ಫ್ಲೋರಿನ್ ಬಂಧಕ್ಕೆ ಆ ದಾಕ್ಷಿಣ್ಯವೂ ಇಲ್ಲ.

ಯಾವುದು ಅಗತ್ಯ

ಉದ್ಯಮದ ವಾದಗಳಲ್ಲಿ ಒಂದಕ್ಕೆ ಉತ್ತರ ಕೊಡಲೇಬೇಕು. ಹೃದಯದ ಶಸ್ತ್ರಚಿಕಿತ್ಸೆಯ ಕೃತಕ ರಕ್ತನಾಳದಲ್ಲಿ ಫ್ಲೋರಿನ್ ಪಾಲಿಮರ್ ಇದೆ, ಅದನ್ನೂ ನಿಲ್ಲಿಸುವುದೇ ಎಂದು ಅವರು ಕೇಳುತ್ತಾರೆ. ನಿಲ್ಲಿಸಬೇಕಾಗಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದ ಓಜೋನ್ ಪದರವನ್ನು ತೂತು ಮಾಡುತ್ತಿದ್ದ ಅನಿಲಗಳನ್ನು ಹಿಂದಕ್ಕೆ ಸರಿಸಿದ್ದು ಇದೇ ವಿವೇಕದಿಂದ. ಜೀವ ಉಳಿಸುವ, ಬದಲಿ ಇಲ್ಲದ ಬಳಕೆಗೆ ಅವಕಾಶ, ಉಳಿದದ್ದಕ್ಕೆ ಕೊನೆ. ರೋಗಿಯ ರಕ್ತನಾಳವನ್ನು ಮುಂದೆ ನಿಲ್ಲಿಸಿಕೊಂಡು ಅದರ ಮರೆಯಲ್ಲಿ ಕಾರಿನ ಮುಂಗಾಜಿನ ಹೊಳಪನ್ನು ಮಾರುವುದು ಪ್ರಾಮಾಣಿಕ ವಾದವಲ್ಲ. ಮಳೆಯಲ್ಲಿ ಗಾಜು ಒರೆಸಲು ವೈಪರ್ ಇದೆ. ಜಿಡ್ಡು ತೆಗೆಯಲು ಸೀಗೆಪುಡಿ ಇದೆ.

ನೀರನ್ನಷ್ಟೇ ತಡೆಯಬೇಕಾದಲ್ಲಿ ಫ್ಲೋರಿನ್ ಇಲ್ಲದ ದಾರಿಗಳೂ ಇವೆ: ಮೇಣ, ಸಿಲಿಕೋನ್, ಸಿಲೇನ್, ಸಿಲಿಕಾ. ಅವುಗಳಿಂದ ಗೋಡೆಯೂ ಕೊಡೆಯೂ ಒಣಗಿರಬಲ್ಲವು. ಅವುಗಳನ್ನೂ ಪರೀಕ್ಷಿಸಿಯೇ ಒಪ್ಪಬೇಕು, ಆದರೆ ಅದು ಬೇರೆ ತಕ್ಕಡಿಯ ತೂಕ. ಫ್ರಾನ್ಸ್ 2025ರ ಫೆಬ್ರವರಿಯಲ್ಲಿ ಮಾಡಿದ ಕಾನೂನು 2026ರ ಜನವರಿ 1ರಿಂದ ಬಟ್ಟೆ, ಪಾದರಕ್ಷೆ ಮತ್ತು ಅವುಗಳಿಗೆ ಹಚ್ಚುವ ನೀರುನಿರೋಧಕಗಳಲ್ಲಿ ಪಿಫಾಸ್ ಬಳಕೆಯನ್ನು ನಿಷೇಧಿಸಿದೆ. ಬಾಣಲೆಗಳನ್ನು ಮಾತ್ರ ಆ ಕಾನೂನಿನಿಂದ ಹೊರಗಿಡಲಾಯಿತು. ಬಾಣಲೆ ತಯಾರಿಸುವವರ ಕೈ ಅಲ್ಲಿಯೂ ಉದ್ದವಿದೆ.

ಕರ್ನಾಟಕದಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ನೀರು-ಎಣ್ಣೆ ಅಂಟದ ಯಾವ ಲೇಪವನ್ನು ಮಾರುವುದಾದರೂ ಅದರಲ್ಲಿ ಫ್ಲೋರಿನ್ ಸಂಯುಕ್ತ ಇದೆಯೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ಬಾಟಲಿಯ ಮೇಲೆ ಮುದ್ರಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತುಂಗಾ, ಭದ್ರಾ, ಶರಾವತಿ, ಕಾಳಿ, ನೇತ್ರಾವತಿಗಳ ನೀರನ್ನು ಮೂಲದಲ್ಲೂ ಪೇಟೆ ದಾಟಿದ ಮೇಲೂ ಪಿಫಾಸ್‌ಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಬೇಕು. ನೀರು ಶುದ್ಧವಾಗಿದ್ದರೆ ಅದು ದಾಖಲೆಯಾಗಿ ಉಳಿಯಲಿ. ಮುಂದೆ ಯಾರಾದರೂ ಕಾರ್ಖಾನೆ ತಂದಾಗ ಮೊದಲಿನಿಂದಲೂ ಹೀಗೆಯೇ ಇತ್ತು ಎನ್ನುವ ವಾದಕ್ಕೆ ಆಸ್ಪದವಿರುವುದಿಲ್ಲ. ಫ್ಲೋರಿನ್ ರಾಸಾಯನಿಕಗಳ ಘಟಕಕ್ಕೆ ಘಟ್ಟದ ಮೇಲಾಗಲಿ ಕೆಳಗಾಗಲಿ ಅನುಮತಿ ಕೇಳಿ ಬಂದರೆ, ಸಾರ್ವಜನಿಕ ವಿಚಾರಣೆಯಲ್ಲಿ ಮುಂದಿಡಲು ಪಾರ್ಕರ್ಸ್‌ಬರ್ಗ್ ಮತ್ತು ತ್ರಿಸ್ಸಿನೊದ ನ್ಯಾಯಾಲಯದ ಕಡತಗಳು ಸಿದ್ಧವಾಗಿವೆ.

ಪ್ರಯೋಗಾಲಯ ಬರುವವರೆಗೆ ಕಾಯಬೇಕಾಗಿಲ್ಲದ ಒಂದು ಪರೀಕ್ಷೆಯನ್ನು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈಗಲೇ ಮಾಡಬಹುದು. ಲೇಪ ಹಚ್ಚಿದ ಗಾಜು, ಜಾಕೆಟು, ಬೇಕರಿಯ ಜಿಡ್ಡುನಿರೋಧಕ ಕಾಗದ, ಯಾವುದಾದರೂ ಸರಿ. ಪಕ್ಕದಲ್ಲಿ ಒಂದು ಕೆಸುವಿನೆಲೆ. ಎರಡರ ಮೇಲೂ ಒಂದು ಹನಿ ನೀರು, ಸ್ವಲ್ಪ ದೂರದಲ್ಲಿ ಒಂದು ಹನಿ ಎಳ್ಳೆಣ್ಣೆ. (ಕೊಬ್ಬರಿ ಎಣ್ಣೆ ಮಾಗಿಯ ಚಳಿಯಲ್ಲಿ ಹೆಪ್ಪುಗಟ್ಟಿ ಮೋಸ ಮಾಡೀತು.) ನೀರು ಎರಡರ ಮೇಲೂ ಗುಂಡಗಾಗಬಹುದು, ಎಣ್ಣೆ ಎಲೆಯ ಮೇಲೆ ಹರಡುತ್ತದೆ. ಆ ಇನ್ನೊಂದರ ಮೇಲೆ ಎಣ್ಣೆಯೂ ಮುತ್ತಾಗಿ ನಿಂತರೆ ಅದರಲ್ಲಿ ಫ್ಲೋರಿನ್ ಇದೆಯೆಂದು ಬಲವಾಗಿ ಶಂಕಿಸಬಹುದು. ಇದು ನ್ಯಾಯಾಲಯ ಒಪ್ಪುವ ಪುರಾವೆಯಾಗದು, ಏಕೆಂದರೆ ಫ್ಲೋರಿನ್ ಇಲ್ಲದ ಕೆಲವು ಮೇಲ್ಮೈಗಳಿಂದಲೂ ಎಣ್ಣೆ ಜಾರುವುದುಂಟು. ಅಂಗಡಿಯವನ ಮುಂದೆ ಬಾಟಲಿ ಇಟ್ಟು ‘ಇದರಲ್ಲಿ ಫ್ಲೋರಿನ್ ಇದೆಯೇ, ಬರೆದುಕೊಡಿ’ ಎಂದು ಕೇಳಲು ಇಷ್ಟು ಸಾಕು.